ಪುಣೆಯಲ್ಲಿ ಚಕಮಕಿ ಕೋವಿ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ

18,000 ರೂಪಾಯಿ ಕಳಕೊಂಡಿದ್ದೇನೆ. ಹಣ ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಕೋವಿ ಮಾರಿದ ಅಂಗಡಿಯವನು ಕೊಟ್ಟ ಉತ್ತರಗಳು. ನಮ್ಮವರು ಇನ್ನೊಬ್ಬರು ಅವನ ಬಾಯಿಗೆ ಬೀಳಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಕಡೆ. ಅಪ್ಪಯ್ಯನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇರುವ ಕೇಪಿನ ಕೋವಿ ಇದೆ. ಕೇಪು ಅಂದರೆ ಬಡಿದಾಗ ಸಿಡಿದು ಒಳಗಿನ ಮದ್ದಿಗೆ ಬೆಂಕಿ ಹತ್ತಿಸುವ ಪುಟ್ಟ ಲೋಹದ ಟೋಪಿ. ಅದರ ಗೋಳು ತೋಟದವರಿಗೆ ಹೊಸದಾಗಿ ಹೇಳಬೇಕಿಲ್ಲ. ಅಂಗಡಿಯಲ್ಲಿ ಇಲ್ಲ ಅಂದರೆ ಮುಗೀತು, ಕೈಯಲ್ಲಿರುವುದು ದೊಣ್ಣೆ. 1807ರಲ್ಲಿ ಫೋರ್ಸೈತ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನಿಂದ ಕೋವಿ ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕೇಪು ಬಂದದ್ದೆಲ್ಲ ಅದರ ನಂತರ. ಅದಕ್ಕೂ ಮೊದಲು ಉರಿಯುವ ಬತ್ತಿ, ಇಲ್ಲವೇ ಚಕಮಕಿ ಕಲ್ಲು. ಕಲ್ಲು ಉಕ್ಕಿಗೆ ಬಡಿಯಬೇಕು, ಕಿಡಿ ಹಾರಬೇಕು, ನಳಿಗೆ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹತ್ತಬೇಕು. ಅಂಗಡಿಯವನ ದಾರಿ ಕಾಯಬೇಕಿಲ್ಲ. ಮುತ್ತಜ್ಜನ ಕಾಲದಲ್ಲಿ ಮನೆಯಲ್ಲಿ ಅಂಥದೊಂದು ಇತ್ತು ಅಂತ ಅಪ್ಪಯ್ಯ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಆಯುಧ ಪೂಜೆಗೆ ಅವರಿಗೆ ಒಂದು ಕೊಡಬೇಕು ಅಂತ ನನಗೆ ಆಸೆ. ಗುಂಡು ಹಾರಿಸಲಿಕ್ಕಲ್ಲ. ಜಗಲಿಯಲ್ಲಿ ತೂಗುಹಾಕಲು. ಕುದುರೆ, ಅಂದರೆ ಕಲ್ಲು ಕಚ್ಚಿಕೊಂಡ ಕೊಕ್ಕೆ, ಬಡಿದಾಗ ಕಿಡಿ ಬರಬೇಕು, ಅಷ್ಟೇ. ಕಿಡಿ ಬರಬೇಕು ಅಂತ ಅವನಿಗೆ ಎರಡೆರಡು ಸಲ ಹೇಳಿದ್ದೆ.

ಹಳೇ ಪೇಠ್ ಭಾಗದ ಒಂದು ಗಲ್ಲಿಯ ಅಂಗಡಿ. ಗುಂಡು ಹಾರುವಂಥದ್ದಾದರೆ ಲೈಸೆನ್ಸ್ ಬೇಕಲ್ವಾ ಅಂತ ಮೊದಲೇ ಕೇಳಿದೆ. "ಆಂಟೀಕ್ ಸಾಹೇಬ್, ಕಾಹೀ ಲಾಗತ್ ನಾಹೀ" ಅಂದ, ಏನೂ ಬೇಕಾಗಿಲ್ಲ ಅಂತ. ನಾನು ಕರ್ನಾಟಕದವನು ಅಂತ ಗೊತ್ತಾಗಿದ್ದೇ ತಡ, ಒಳಗಿಂದ ಇನ್ನೊಂದು ಕೋವಿ ತಂದ. ಹಿತ್ತಾಳೆ ತಗಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಟಿಪ್ಪು 1799' ಅಂತ ಕೊರೆದಿತ್ತು. "ಶ್ರೀರಂಗಪಟ್ಟಣದ ಮಾಲು, ನಿಮ್ಮ ಊರಿನದೇ." ಅರೆಗತ್ತಲಲ್ಲಿ ಕುದುರೆ ಹಿಂದಕ್ಕೆಳೆದು ಬಿಟ್ಟ. ಕಿಡಿ ಹಾರಿತು. ಚೆನ್ನಾಗೇ ಹಾರಿತು. ಅಲ್ಲೇ ಫೋನಿನಲ್ಲಿ ದುಡ್ಡು ಕಳಿಸಿದೆ. ಪ್ಯಾಕ್ ಮಾಡಿ ಕೊಡ್ತೀನಿ ಅಂತ ಒಳಗೆ ಹೋದ.

ಒಳಗೆ ಹೋದ. ನಾನು ಹೊರಗೆ ಚಹಾ ಕುಡಿಯುತ್ತಾ ಕೂತೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮನೆಗೆ ಬಂದು ಎಳೆದೆ. ಟಕ್ ಅಂತು. ಕಿಡಿ ಇಲ್ಲ. ಇಪ್ಪತ್ತು ಸಲ ಎಳೆದೆ. ಟಕ್, ಟಕ್, ಅಷ್ಟೇ. ಕಲ್ಲನ್ನು ಚೂರಿ ಮೊನೆಯಿಂದ ಗೀಚಿದೆ, ಬಳಪದ ಹಾಗೆ ಬಿಳಿ ಪುಡಿ ಉದುರಿತು. ಚಕಮಕಿ ಕಲ್ಲಿಗೆ ಚೂರಿ ನಾಟುವುದೇ ಇಲ್ಲ. ಬಟ್ಟಲಿನ ಪಕ್ಕದ ಕಿವಿಗೆ, ಅಂದರೆ ಬೆಂಕಿ ನಳಿಗೆಯೊಳಗೆ ದಾಟಬೇಕಾದ ತೂತಿಗೆ, ಸೂಜಿ ಹಾಕಿ ನೋಡಿದೆ. ತೂತೇ ಇಲ್ಲ, ಬರೀ ಒಂದು ಕುಳಿ. ಆಮೇಲೆ ಅಂಗಡಿಯಲ್ಲಿ ನಾನೇ ತೆಗೆದ ಫೋಟೋ ನೋಡಿದೆ. ಅದರಲ್ಲಿ ಹಿಡಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಇದೆ. ನನ್ನ ಕೈಯಲ್ಲಿರುವುದರಲ್ಲಿ ಬಿರುಕಿಲ್ಲ. ಅದೇ ತಗಡು, ಅದೇ ಅಕ್ಷರ, ಕೋವಿ ಮಾತ್ರ ಬೇರೆ!

ವಾಟ್ಸಾಪಿನಲ್ಲಿ ಕೇಳಿದೆ. ಮೊದಲ ಉತ್ತರ: "ಕಲ್ಲು ಹೊಸದು, ಪಳಗಬೇಕು." ಮಾರನೇ ದಿನ: "ಮಳೆಗಾಲದ ಹವೆ ಸಾಹೇಬ್." ಮೂರನೆಯದು: "ನಿಮಗೆ ಎಳೆಯಲು ಬರಲ್ಲ." ಅಪ್ಪನ ಕೋವಿ ಒರೆಸಿ ಎಣ್ಣೆ ಹಾಕುತ್ತಾ ಬೆಳೆದವನಿಗೆ ಈ ಮಾತು!

ಪುಣೆ ಪಕ್ಕದ ಭೋಸರಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಧಾರವಾಡದ ಗೆಳೆಯರ ಹತ್ತಿರ ಒಯ್ದೆ. ಕಲ್ಲು ಬಡಿಯುವ ಪಟ್ಟಿಯ ಮೇಲೆ ಅರ ಇಟ್ಟು ಒಂದೇ ಸಲ ಉಜ್ಜಿದರು. ಕಬ್ಬಿಣದ ಪುಡಿ ಬೆರಳಿಗೆ ಅಂಟಿತು. "ಮೆತ್ತನ್ನ ಕಬ್ಬಿಣ ಐತ್ರಿ ಸರ, ಹದಾನ ಹಾಕಿಲ್ಲ" ಅಂದರು. ಕಿಡಿ ಅಂದರೆ ಕಲ್ಲು ಕೆತ್ತಿದ ಉಕ್ಕಿನ ಚೂರು ಉರಿಯುವುದು. ಹದ ಕೊಟ್ಟ ಗಟ್ಟಿ ಉಕ್ಕಿರಬೇಕು. ಈ ಕಬ್ಬಿಣಕ್ಕೆ ಎಂಥ ಕಲ್ಲು ಕಟ್ಟಿದರೂ ಕಿಡಿ ಬರಲ್ಲ.

ಅದನ್ನೂ ಬರೆದು ಕಳಿಸಿದೆ. ಬಂದ ಉತ್ತರ: "ಇನ್ನೂರು ವರ್ಷದ ಹಳೇ ವಸ್ತು, ಕೆಲಸ ಮಾಡುತ್ತೆ ಅಂತ ಯಾರು ಹೇಳಿದ್ರು?" ಸರಿ, ಅಷ್ಟು ಹಳೆಯದಾದರೆ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಮಾರಲು ನಿಮಗೆ ಲೈಸೆನ್ಸ್ ಬೇಕು, ಎಲ್ಲಿ ಕಾಗದ ಅಂತ ಕೇಳಿದೆ. ಐದೇ ನಿಮಿಷದಲ್ಲಿ: "ಅದು ಶೋ ಪೀಸ್ ಸಾಹೇಬ್, ಹೊಸದು. ಕಾಗದ ಯಾಕೆ?"

ದುಡ್ಡು ತಗೊಳ್ಳುವಾಗ ಟಿಪ್ಪುವಿನದು. ಕಿಡಿ ಕೇಳಿದರೆ ಹಳೆಯದು. ಕಾಗದ ಕೇಳಿದರೆ ಹೊಸದು. ದುಡ್ಡು ವಾಪಸ್ ಕೇಳಿದ ಮೇಲೆ ನಂಬರ್ ಬ್ಲಾಕ್.

ಆ 'ಟಿಪ್ಪು 1799' ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಟಿಪ್ಪುವಿನ ಕಾರ್ಖಾನೆಯ ಕೋವಿಗಳ ಮೇಲೆ ಇರುವುದು ಪರ್ಷಿಯನ್ ಬರಹ, ಅವನೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷ. ಇಂಗ್ಲಿಷಿನಲ್ಲಿ ಅವನು ಯಾಕೆ ಹೆಸರು ಕೊರೆಸುತ್ತಾನೆ? ಅದೂ ಶ್ರೀರಂಗಪಟ್ಟಣ ಬಿದ್ದ ವರ್ಷ, ಅವನು ಸತ್ತ ವರ್ಷ! ಇದೆಲ್ಲ ಓದಿಕೊಂಡವನು ನಾನು. ಊರಿನ ಹೆಸರು ಕೇಳಿದ ಕೂಡಲೇ ಎಲ್ಲ ಮರೆತುಹೋಯಿತು.

ಹೋಗಲೇಬೇಕು ಅಂದರೆ ಜೇಬಲ್ಲಿ ಒಂದು ಸಣ್ಣ ಅರ, ಒಂದು ಸೂಜಿ ಇರಲಿ. ಉಜ್ಜಲು ಬಿಡದಿದ್ದರೆ ಎದ್ದು ಬನ್ನಿ. ಹಳೆಯದೋ ಹೊಸದೋ ಅಂತ ಬಿಲ್ಲಿನಲ್ಲಿ ಬರೆಸಿ. ನಿಜಕ್ಕೂ ಸಿಡಿಯುವ ಕೋವಿಯಾದರೆ ಲೈಸೆನ್ಸಿನ ಮಾತು ಪೊಲೀಸರ ಹತ್ತಿರ ಕೇಳಿ, ಅಂಗಡಿಯವನ ಹತ್ತಿರ ಅಲ್ಲ. ಕಿಡಿ ತೋರಿಸಿದ ಕೋವಿಯನ್ನು ಮಾತ್ರ ಕೈಯಿಂದ ಬಿಡಬೇಡಿ. ಪ್ಯಾಕಿಂಗ್ ಬೇಡ, ಚಹಾ ಬೇಡ, ಏನೂ ಬೇಡ.

ಕೋವಿ ಈಗ ಕಪಾಟಿನ ಮೇಲೆ ಗೋಣಿಚೀಲದಲ್ಲಿದೆ. ಅಪ್ಪಯ್ಯ ನಿನ್ನೆ ಫೋನ್ ಮಾಡಿ, "ತಮಾ, ಜಗಲಿ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದೇನೆ, ಯಾವಾಗ ತರ್ತೆ?" ಅಂತ ಕೇಳಿದರು. ನಾನು ಇನ್ನೂ ಹೇಳಿಲ್ಲ.