ಹಳೇ ತೊಲೆಯ ಕಟ್ಟಿಗೆ, ಎಡಗೈಯ ಏರ್‌ಗನ್: ಮೂರನೇ ಹಂಗಾಮಿನಲ್ಲಿ ನನ್ನ ಅನುಭವ

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ನನ್ನ ಈ ಏರ್‌ಗನ್‌ನ ವೇಗ, ಬ್ಯಾರೆಲ್ ಉದ್ದ, ತೂಕ ಎಲ್ಲ ಡಬ್ಬಿಯ ಮೇಲೇ ಇರುತ್ತದೆ. ಅದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ನಾನು ಬರೆಯಲು ಕೂತದ್ದು ಮುಖ್ಯವಾಗಿ ಅದರ ಕಟ್ಟಿಗೆಯ ಬಗ್ಗೆ. ಭುಜಕ್ಕೆ ಒತ್ತಿ, ಗಲ್ಲ ಇಟ್ಟು ಗುರಿ ಹಿಡಿಯುತ್ತೇವಲ್ಲ, ಆ ಸ್ಟಾಕ್. ಬಂದೂಕು ಕಾರ್ಖಾನೆಯದು, ಸ್ಟಾಕ್ ಮಾತ್ರ ನಮ್ಮೂರಲ್ಲಿ ಮಾಡಿಸಿದ್ದು. ಜನ ಸ್ಪ್ರಿಂಗ್ ಬದಲಿಸಲು, ವೇಗ ಜಾಸ್ತಿ ಮಾಡಲು ದುಡ್ಡು ಹಾಕುತ್ತಾರೆ. ನನ್ನ ಅನುಭವದಲ್ಲಿ ಮೊದಲ ದುಡ್ಡು ಗಲ್ಲದ ಕೆಳಗಿನ ಕಟ್ಟಿಗೆಗೆ ಹೋಗಬೇಕು.

ನಮ್ಮದು ಮುಧೋಳ ತಾಲ್ಲೂಕು, ಘಟಪ್ರಭಾ ದಂಡೆಯ ಹೊಲ. ಕಬ್ಬು, ಗೋವಿನಜೋಳ, ನಾಲ್ಕು ಎಮ್ಮೆ. ಹಿಂಡಿಯ ಚೀಲ, ಗೋವಿನಜೋಳದ ಚೀಲ, ಕಣಕಿ ಎಲ್ಲ ಒಂದೇ ಶೆಡ್ಡಿನಲ್ಲಿ. ಅಲ್ಲಿ ಹೆಗ್ಗಣಗಳ ಕಾಟ ಹೇಳತೀರದು. ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಚೀಲ ಕತ್ತರಿಸಿ ಕಾಳು ಚೆಲ್ಲುತ್ತವೆ, ಅದರ ಮೇಲೆ ಉಚ್ಚೆ ಹೊಯ್ಯುತ್ತವೆ. ಇಲಿ ಜ್ವರ ಬರುವುದು ಅದರಿಂದಲೇ. ಪಾಷಾಣ ಇಡೋಣ ಅಂದರೆ ಅವ್ವ ಮೊದಲಿನಿಂದಲೂ ಒಪ್ಪುವುದಿಲ್ಲ. "ಎಮ್ಮಿ ತಿನ್ನೂ ಜಾಗಾದಾಗ ಔಷಧ ಇಡಬ್ಯಾಡ" ಅಂತಾಳೆ. ಅವಳ ಮಾತು ಸರಿ. ಮನೆಯಲ್ಲಿ ಮುಧೋಳ ನಾಯಿ ಇದೆ, ಬೆಕ್ಕು ಇದೆ. ಅದಕ್ಕೂ ಮಿಗಿಲಾಗಿ ಶೆಡ್ಡಿನ ತಗಡಿನ ಸಂದಿಯಲ್ಲಿ ಒಂದು ಜೋಡಿ ಕಣಜ ಗೂಬೆ ವಾಸವಾಗಿವೆ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಆ ವಿಷ ಗೂಬೆಗೂ ತಾಗುತ್ತದೆ. ರಾತ್ರಿಯಿಡೀ ನಮಗಾಗಿ ಬೇಟೆಯಾಡುವ ಹಕ್ಕಿಯನ್ನು ನಾವೇ ಕೊಂದ ಹಾಗೆ.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. ಬ್ಯಾರೆಲ್ಲಿನ ತೂತು 4.5 ಮಿಮೀ ದಾಟದ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಂಡದ್ದಕ್ಕೆಲ್ಲ ಹೊಡೆಯಬಹುದು ಅಂತಲ್ಲ. ಹೊಲಕ್ಕೆ ಬರುವ ಹಂದಿ, ನವಿಲು, ಗಿಳಿ, ಚಿಗರೆ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಂದಿ ಬೆಳೆ ಹಾಳು ಮಾಡಿದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಏರ್‌ಗನ್ ಅದಕ್ಕೆ ಉತ್ತರ ಅಲ್ಲ. ಅದರಿಂದ ಪ್ರಾಣಿಗೆ ಗಾಯವಾಗುತ್ತದೆ, ನರಳುತ್ತದೆ, ಅಷ್ಟೇ. ನನ್ನದು ಶೆಡ್ಡಿನ ಹೆಗ್ಗಣಕ್ಕೆ ಮತ್ತು ಭಾನುವಾರ ಕಾಗದದ ಗುರಿಗೆ.

ಈಗ ಕಟ್ಟಿಗೆ. ನಾನು ಎಡಗೈಯವನು. ಕಾರ್ಖಾನೆಯ ಸ್ಟಾಕ್‌ನಲ್ಲಿ ಗಲ್ಲ ಇಡುವ ಉಬ್ಬು ಎಡಬದಿಗೆ ಇರುತ್ತದೆ, ಬಲಗೈಯವರಿಗೆ ಅಂತ. ನಾನು ಹಿಡಿದರೆ ಗಲ್ಲ ಖಾಲಿ ಬದಿಗೆ ಬರುತ್ತದೆ. ಮೇಲಾಗಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದರೆ ಕಣ್ಣು ಎತ್ತರಕ್ಕೆ ಹೋಗಬೇಕು, ಆಗ ಗಲ್ಲ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತದೆ. ಕುತ್ತಿಗೆ ಎತ್ತಿಕೊಂಡು ಗುರಿ ಹಿಡಿದರೆ ಪ್ರತಿ ಸಲ ಕಣ್ಣು ಬೇರೆ ಬೇರೆ ಕಡೆ ನಿಲ್ಲುತ್ತದೆ. ಕಣ್ಣು ಅಷ್ಟು ಸರಿದರೂ ಗುರಿ ಸರಿಯುತ್ತದೆ. ಒಳ್ಳೆ ಬ್ಯಾರೆಲ್ ಇದ್ದೂ ಪ್ರಯೋಜನ ಇಲ್ಲ.

ಸಾಗವಾನಿ ಸಿಕ್ಕಿದ್ದು ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನ ಎಷ್ಟೋ ಮನೆ ಬಿಚ್ಚಿದರು, ಜನ ನವನಗರಕ್ಕೆ ಹೋದರು. ಆ ಮನೆಗಳ ತೊಲೆ, ಕಂಬ, ಚೌಕಟ್ಟು ಕೈಯಿಂದ ಕೈಗೆ ಹೋಗಿ ಇವತ್ತಿಗೂ ಎಲ್ಲೋ ಒಂದು ಕಡೆ ಸಿಗುತ್ತವೆ. ನಮ್ಮ ಸೋದರಮಾವನ ಹಿತ್ತಲಲ್ಲಿ ಅಂಥದ್ದೊಂದು ತೊಲೆಯ ತುಂಡು ಬಿದ್ದಿತ್ತು. ಒಂದು ಕಡೆ ಹೊಗೆ ಹಿಡಿದು ಕಪ್ಪಾಗಿತ್ತು, ಇನ್ನೊಂದು ಕಡೆ ಮೊಳೆ ಬಡಿದ ತೂತುಗಳು. ಹೊಸ ಕಟ್ಟಿಗೆಗಿಂತ ಇದು ಯಾಕೆ ಒಳ್ಳೇದು ಅಂದರೆ, ಇದರೊಳಗಿನ ನೀರು ಎಂದೋ ಆರಿದೆ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ತಿರುಚುವುದು ತೀರ ಕಡಿಮೆ. ಸ್ಟಾಕ್ ತಿರುಚಿದರೆ ಅದಕ್ಕೆ ಬಿಗಿದ ಕಬ್ಬಿಣದ ಮೇಲೆ ಒತ್ತಡ ಬೀಳುತ್ತದೆ, ಗುರಿ ಋತುವಿಗೊಂದು ಆಗುತ್ತದೆ.

ಮುಧೋಳದ ಬಡಿಗೇರ ಕಾಕಾ ಈ ಮುಂಚೆ ಬಂದೂಕಿನ ಕೆಲಸ ಮಾಡಿದವರಲ್ಲ. ಚಕ್ಕಡಿ, ಬಾಗಿಲು, ರಂಟೆ ಅವರ ಕೆಲಸ. ಆದರೆ ಅಳತೆ ತೆಗೆದ ರೀತಿ ನೋಡಿ ನನಗೆ ಧೈರ್ಯ ಬಂತು. ಮೊಣಕೈ ಮಡಿಸಿ, ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ದಾರ ಹಿಡಿದರು. ಆಮೇಲೆ ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಕತ್ತರಿಸಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸು ಅಂದರು. ಕಣ್ಣು ತೆರೆದಾಗ ನೋಟ ನೇರ ಸ್ಕೋಪಿನ ಮಧ್ಯಕ್ಕೆ ಬೀಳಬೇಕು. ಬೀಳಲಿಲ್ಲ. ಮತ್ತೆ ಕತ್ತರಿಸಿದರು, ಮತ್ತೆ ಏರಿಸಿದೆ. "ತಮ್ಮಾ, ಕಟ್ಟಿಗಿ ನಿನ್ನ ಗಲ್ಲಕ್ಕ ಹೊಂದಬೇಕು, ನೀ ಕುತ್ತಿಗಿ ಸೊಟ್ಟ ಮಾಡಬ್ಯಾಡ" ಅಂತ ಗದರಿದರು. ಅಚ್ಚು ಸರಿಯಾದ ಮೇಲೆಯೇ ಸಾಗವಾನಿಗೆ ಉಳಿ ಹಚ್ಚಿದರು.

ಅವರು ಮಾಡಿದ ಇನ್ನೊಂದು ಕೆಲಸ ನನ್ನ ಪ್ರಕಾರ ಇಡೀ ಬಂದೂಕಿನ ಜೀವ. ಸ್ಪ್ರಿಂಗ್ ಏರ್‌ಗನ್ (ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವಂಥದ್ದು) ಪ್ರತಿ ಹೊಡೆತಕ್ಕೂ ಅದುರುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಬಿಗಿ ಮಾಡುತ್ತ ಹೋದರೆ ಸ್ಕ್ರೂ ತಲೆ ಕಟ್ಟಿಗೆಯೊಳಗೆ ಇಳಿಯುತ್ತದೆ, ಮತ್ತೆ ಸಡಿಲ. ಕಾಕಾ ಸ್ಕ್ರೂ ಹೋಗುವ ತೂತುಗಳಿಗೆಲ್ಲ ಹಿತ್ತಾಳೆಯ ಬುಷ್, ಅಂದರೆ ಸಣ್ಣ ಕೊಳವೆ, ಕೂರಿಸಿದರು. ಈಗ ಸ್ಕ್ರೂ ಒತ್ತುವುದು ಲೋಹವನ್ನು, ಕಟ್ಟಿಗೆಯನ್ನಲ್ಲ. ಅಂದಿನಿಂದ ಸ್ಕ್ರೂ ಡ್ರೈವರ್ ಹುಡುಕುವ ಕೆಲಸ ಬಹಳ ಅಪರೂಪ.

ಕಟ್ಟಿಗೆಗೆ ಪಾಲಿಶ್ ಬೇಡ ಅಂದೆ. ಅಗಸಿ ಎಣ್ಣೆ ಮಾತ್ರ. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸಿ ಎಣ್ಣೆ ಬೇಗ ಒಣಗುತ್ತದೆ, ಗಾಣದ ಹಸಿ ಎಣ್ಣೆ ಅಂಟಂಟಾಗಿ ವಾರಗಟ್ಟಲೆ ಹಾಗೇ ಇರುತ್ತದೆ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಬಿಸಿಯಾಗುವ ತನಕ ಉಜ್ಜುವುದು, ಅರ್ಧ ತಾಸು ಬಿಟ್ಟು ಹಳೇ ಧೋತ್ರದ ಚೂರಿನಿಂದ ಒರೆಸುವುದು. ಮೊದಲು ದಿನಾ ಸಂಜೆ, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಚಹಾ ಕುಡಿದು ಪಡಸಾಲೆಯಲ್ಲಿ ಕೂತು ಮಾಡುವ ಈ ಕೆಲಸ ನನಗೆ ಬಹಳ ಇಷ್ಟ. ಸಾಗವಾನಿಯ ಗೆರೆಗಳು ಪ್ರತಿ ಸಲ ಇನ್ನಷ್ಟು ಎದ್ದು ಕಾಣುತ್ತವೆ. ಮೊಳೆಯ ತೂತೊಂದು ಗಲ್ಲದ ಹತ್ತಿರ ಉಳಿದಿದೆ, ಮುಚ್ಚಬೇಡಿ ಅಂತ ನಾನೇ ಹೇಳಿದ್ದೆ. ಒಂದು ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಹರವಿ.

ಪಳಗಿಸುವ ಕೆಲಸಕ್ಕೆ ತಾಳ್ಮೆ ಬೇಕು. ಹೊಸ ಬಂದೂಕಿನ ಒಳಗೆ ಕಾರ್ಖಾನೆಯ ಗ್ರೀಸ್ ಜಾಸ್ತಿ ಇರುತ್ತದೆ. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಅದು ಕಾದು, ಗ್ರೀಸ್ ಹೊತ್ತಿ ಹೊಗೆ ಬರುತ್ತದೆ, ಪಟಾಕಿಯ ವಾಸನೆ ಹೊಡೆಯುತ್ತದೆ. ಆಗ ಒಂದು ಪೆಲೆಟ್ (ಏರ್‌ಗನ್ನಿನ ಸೀಸದ ಗುಂಡು) ವೇಗವಾಗಿ ಹೋದರೆ ಇನ್ನೊಂದು ನಿಧಾನ. ಮೊದಲ ಡಬ್ಬಿ ಪೆಲೆಟ್ ಮುಗಿಯುವ ತನಕ ಗುರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬಾರದು. ಗಾಳಿ ಬರುವ ತೂತಿಗೆ ಎಣ್ಣೆ ಬಿಡಲೇಬಾರದು, ಬಿಟ್ಟರೆ ಒಳಗೆ ಸ್ಫೋಟದಂತಾಗಿ ಸ್ಪ್ರಿಂಗ್, ಸೀಲ್ ಎರಡೂ ಹಾಳು. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲೂಬಾರದು. ಪೆಲೆಟ್ ಇದ್ದಾಗ ಅದರ ಹಿಂದಿನ ಗಾಳಿ ಪಿಸ್ಟನ್‌ಗೆ ಮೆತ್ತೆಯಾಗುತ್ತದೆ, ಇಲ್ಲದಿದ್ದರೆ ಅದು ಹೋಗಿ ಲೋಹಕ್ಕೇ ಬಡಿಯುತ್ತದೆ.

ಹಿಡಿಯುವ ರೀತಿಯೂ ಬೇರೆ. ಪಿಸ್ಟನ್ ಮುಂದೆ ಹಾರುವಾಗ ಬಂದೂಕು ಹಿಂದೆ ಬರುತ್ತದೆ, ಪಿಸ್ಟನ್ ನಿಂತಾಗ ಬಂದೂಕು ಮುಂದೆ ಹೋಗುತ್ತದೆ. ಇಷ್ಟೆಲ್ಲ ಆಗುವಾಗ ಪೆಲೆಟ್ ಇನ್ನೂ ಬ್ಯಾರೆಲ್ಲಿನಲ್ಲೇ ಇರುತ್ತದೆ. ಗಟ್ಟಿಯಾಗಿ ಅದುಮಿ ಹಿಡಿದರೆ ಪ್ರತಿ ಸಲ ಬೇರೆ ತರ ನೆಗೆಯುತ್ತದೆ. ಅಂಗೈ ಮೇಲೆ ಸುಮ್ನೆ ಇಟ್ಟುಕೊಂಡರೆ ಪ್ರತಿ ಸಲ ಒಂದೇ ತರ ನೆಗೆಯುತ್ತದೆ. ಕಾಕಾ ಮಾಡಿದ ಸ್ಟಾಕ್ ಮುಂಭಾಗದಲ್ಲಿ ಅಗಲವಾಗಿ, ಚಪ್ಪಟೆಯಾಗಿ ಇರುವುದರಿಂದ ಅಂಗೈ ಮೇಲೆ ತಾನೇ ಕೂರುತ್ತದೆ. ಎರಡನೇ ಡಬ್ಬಿಯ ಹೊತ್ತಿಗೆ 15 ಮೀಟರಿನಲ್ಲಿ ಐದು ಪೆಲೆಟ್ಟಿನ ತೂತುಗಳು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗತೊಡಗಿದವು.

ಇಲ್ಲಿಯವರೆಗೆ ಖುಷಿಯಿಂದ ಬರೆದೆ. ಈಗ ಸ್ಕೋಪಿನ ಮಾತು, ಅದು ಬಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಮಾರಿದವನು "ಯಾವ ಬಂದೂಕಿಗೂ ನಡೆಯುತ್ತದೆ" ಅಂತ ಕೇಳಿದಾಗಲೆಲ್ಲ ಹೇಳಿದ. ಅವನು ಕೊಟ್ಟದ್ದು ಮದ್ದಿನ ದೊಡ್ಡ ರೈಫಲ್ಲಿನ ಸ್ಕೋಪ್. ಅಂಥದ್ದು ಹಿಂದಕ್ಕೆ ಬರುವ ಒದೆತಕ್ಕೆ ಮಾತ್ರ ತಯಾರಾಗಿರುತ್ತದೆ. ಸ್ಪ್ರಿಂಗ್ ಏರ್‌ಗನ್‌ನ ಮುಂದಕ್ಕೆ ಎಳೆಯುವ ಜಗ್ಗಾಟ ಅದರ ಒಳಗಿನ ಗಾಜನ್ನೇ ಸಡಿಲಿಸುತ್ತದೆ. ಒಂದು ಬೇಸಿಗೆಯೂ ಬಾಳಲಿಲ್ಲ. ಒಳಗಿನ ಅಡ್ಡಗೆರೆ ವಾಲಿತು. ಸರಿಯಾದ ಬಂದೂಕು, ಸರಿಯಾದ ಕಟ್ಟಿಗೆ ಇದ್ದೂ ಗುರಿ ಅಲೆಯುತ್ತಿತ್ತು, ನಾನು ಬ್ಯಾರೆಲ್ಲಿನ ಮೇಲೆ, ಪೆಲೆಟ್ಟಿನ ಮೇಲೆ ಅನುಮಾನಪಡುತ್ತ ವಾರಗಟ್ಟಲೆ ಕಳೆದೆ. ವಾಪಸ್ ತಗೊಳ್ಳಿ ಅಂದರೆ ಫೋನೇ ಎತ್ತಲಿಲ್ಲ. ಇನ್ನೊಂದು ತೊಂದರೆ ಹತ್ತಿರದ ನೋಟದ್ದು. ಬಹಳಷ್ಟು ರೈಫಲ್ ಸ್ಕೋಪುಗಳು 100 ಗಜಕ್ಕೆ ಹೊಂದಿಸಿರುತ್ತವೆ. ಶೆಡ್ಡಿನೊಳಗೆ 10 ಮೀಟರಿನಲ್ಲಿ ಹೆಗ್ಗಣ ಮಸುಕು ಮಸುಕು. ಏರ್‌ಗನ್‌ಗೆ ಅಂತಲೇ ಮಾಡಿದ, ಮುಂದಿನ ಗಾಜು ತಿರುಗಿಸಿ 10 ಗಜಕ್ಕೂ ಸ್ಪಷ್ಟ ಮಾಡಿಕೊಳ್ಳುವ ಸ್ಕೋಪ್ ಕೇಳಿ. ಹಿಂದಕ್ಕೆ ಜಾರದ ಹಾಗೆ ತಡೆಯುವ ಪಿನ್ ಇರುವ ಮೌಂಟ್ (ಸ್ಕೋಪನ್ನು ಬಂದೂಕಿಗೆ ಬಿಗಿಯುವ ಹಿಡಿ) ಕೇಳಿ. ಮಾರುವವನು ಇದೇನೆಂದು ಗೊತ್ತಿಲ್ಲ ಅಂದರೆ ಎದ್ದು ಬನ್ನಿ.

ಎರಡನೇ ಸ್ಕೋಪ್ ಬಂದ ಮೇಲೆ ಎಲ್ಲ ತಣ್ಣಗಾಯಿತು. ರಾತ್ರಿ ಊಟ ಮುಗಿಸಿ, ನಾಯಿ ಕಟ್ಟಿ, ಶೆಡ್ಡಿನ ದೀಪ ಆರಿಸಿ ಕೂರುತ್ತೇನೆ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿದ್ದೇನೆ, ಕೆಂಪು ಬೆಳಕು ಇಲಿಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಗೋಡೆ ಕಲ್ಲಿನದು, ಪೆಲೆಟ್ ಪುಟಿದು ಬರಬಾರದು ಅಂತ ಅವು ಓಡಾಡುವ ಜಾಗದ ಹಿಂದೆ ಮರಳು ಚೀಲ ಜೋಡಿಸಿದ್ದೇನೆ. ಎಮ್ಮೆ ಇರುವ ದಿಕ್ಕಿಗೆ ಬ್ಯಾರೆಲ್ ತಿರುಗುವುದೇ ಇಲ್ಲ. ತಲೆ ಸ್ಪಷ್ಟವಾಗಿ ಕಂಡರೆ ಮಾತ್ರ ಹೊಡೆತ, ಇಲ್ಲದಿದ್ದರೆ ಬಿಟ್ಟುಬಿಡುತ್ತೇನೆ. ಸತ್ತ ಹೆಗ್ಗಣವನ್ನು ಕೈಗವಸು ಹಾಕಿಕೊಂಡು ಎತ್ತಿ ಆಳವಾಗಿ ಹೂಳಬೇಕು. ಒಳಗಿನ ಸೀಸ ಗೂಬೆಯ ಹೊಟ್ಟೆ ಸೇರಬಾರದು ಅಲ್ವಾ? ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನೂ ತಿನ್ನುವುದಿಲ್ಲ.

ಪೆಲೆಟ್ ಬಗ್ಗೆ ಒಂದೆರಡು ಮಾತು. 8.4 ಗ್ರೇನ್ ತೂಕದ, ದುಂಡು ತಲೆಯದು ನನ್ನ ಬ್ಯಾರೆಲ್ಲಿಗೆ ಒಗ್ಗಿತು. ಚಪ್ಪಟೆ ತಲೆಯದು ಕಾಗದಕ್ಕೆ ಚಂದ, ತೂತು ಕತ್ತರಿಸಿದಂತೆ ದುಂಡಗೆ ಬೀಳುತ್ತದೆ. ಅಗ್ಗದ ಡಬ್ಬಿಯಲ್ಲಿ ಸೊಟ್ಟಗಾದವು ಬಹಳ, ಬೆಳಗಿನ ಬಿಸಿಲಲ್ಲಿ ಕೂತು ಆರಿಸಿ ಬೇರೆ ಮಾಡುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆರೆಯ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ನನ್ನ ಅಣ್ಣನ ಮಗನಿಗೂ ಹುಚ್ಚು ಹಿಡಿದಿದೆ. ಭಾನುವಾರ ಕಾಗದದ ಗುರಿಗೆ ಅವನೂ ಕೂರುತ್ತಾನೆ, ನಾನು ಪಕ್ಕದಲ್ಲಿದ್ದಾಗ ಮಾತ್ರ. ಅವನು ಬಲಗೈಯವನು. ನನ್ನ ಸ್ಟಾಕ್ ಅವನಿಗೆ ಒಂದಿಷ್ಟೂ ಹೊಂದುವುದಿಲ್ಲ.

ಖರ್ಚು ಹೇಳುತ್ತೇನೆ. ಬಂದೂಕಿಗೆ ₹14,000. ಕಟ್ಟಿಗೆ ಮಾವ ಸುಮ್ನೆ ಕೊಟ್ಟರು, ಕಾಕಾನ ಕೂಲಿ ಮತ್ತು ಹಿತ್ತಾಳೆಗೆ ₹4,500. ಎರಡನೇ ಸ್ಕೋಪ್ ₹6,000. ಮೊದಲನೆಯದರ ದುಡ್ಡು ಲೆಕ್ಕಕ್ಕೆ ಸೇರಿಸಲು ಮನಸ್ಸಿಲ್ಲ. ಸಾಗವಾನಿ ಹಾಕಿದ ಮೇಲೆ ತೂಕ ಸ್ವಲ್ಪ ಜಾಸ್ತಿಯಾಗಿದೆ, ಕೂತು ಹೊಡೆಯುವವರಿಗೆ ಅದು ಒಳ್ಳೆಯದೇ, ಹೊತ್ತು ತಿರುಗುವವರಿಗೆ ಭಾರ. ಟ್ರಿಗರ್ ಇನ್ನೂ ಗಟ್ಟಿ, ಎಳೆದಷ್ಟೂ ಬರುತ್ತದೆ. ಇನ್ನು ಬೇಸಿಗೆಯ ಕಾವಿಗೆ ಒಳಗಿನ ಗ್ರೀಸ್ ತೆಳುವಾಗುತ್ತದೆ, ಈ ಮಳೆಗಾಲ ಮುಗಿದ ಮೇಲೆ ಬಿಚ್ಚಿಸಿ ಸೀಲ್, ಸ್ಪ್ರಿಂಗ್ ಎರಡೂ ಬದಲಿಸಬೇಕು. ಬದಲಿಸುವುದು ಕಂಪನಿಯ ಅದೇ ಅಳತೆಯ ಸ್ಪ್ರಿಂಗ್, ಬಿರುಸಿನದಲ್ಲ. 20 ಜೂಲ್ ದಾಟಿಸುವ ಆಸೆ ನನಗಿಲ್ಲ, ಹೆಗ್ಗಣಕ್ಕೆ ಇರುವ ಶಕ್ತಿಯೇ ಸಾಕು.

ಎಡಗೈಯವರು ಯಾರಾದರೂ ಏರ್‌ಗನ್ ಕೊಳ್ಳುವುದಿದ್ದರೆ ಮೊದಲು ಅಂಗಡಿಯಲ್ಲಿ ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ ನೋಡಿ. ಹೊಂದದಿದ್ದರೆ ನಿಮ್ಮೂರ ಬಡಿಗೇರರ ಬಳಿ ಹೋಗಿ, ಬಂದೂಕಿನ ಕೆಲಸ ಗೊತ್ತಿರಬೇಕು ಅಂತೇನಿಲ್ಲ. ಮುಧೋಳದ ಕಡೆಯವರಾದರೆ ಇನ್ನೂ ಸುಲಭ. ನನ್ನ ಪ್ಲೈವುಡ್ ಅಚ್ಚು ಕಾಕಾನ ಹತ್ತಿರವೇ ಇದೆ, ಅದರಿಂದ ಶುರು ಮಾಡಿದರೆ ಅರ್ಧ ಕೆಲಸ ಉಳಿಯುತ್ತದೆ.