ಕೂಸು ಒದ್ದರೆ ಲೈಟ್ ಹತ್ತುವ ಗೌನ್: ಆ ವಿಡಿಯೋ ನಮ್ಮದೇ, ನಂಬಬೇಡಿ

ಹಸಿರು ಗೌನ್ ಹಾಕಿಕೊಂಡ ಬಸುರಿ ಹೆಂಗಸು. ಕೈತುಂಬ ಹಸಿರು ಬಳೆ. ಹೊಟ್ಟೆ ಮೇಲೆ ಎಲೆ ಆಕಾರದ ಲೈಟ್‌ಗಳು ಮಿಣಮಿಣ ಅನ್ನುತ್ತವೆ. ಹಿಂದಿನಿಂದ ಒಬ್ಬ ಗಂಡಸು "ಒದೀತು ನೋಡ್ರೀ, ಒದೀತು!" ಅಂತ ಕೂಗುತ್ತಾನೆ. ಈ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಕೂಗಿದವನು ನಾನೇ. ಆ ಹೆಂಗಸು ನನ್ನ ಹೆಂಡತಿ. ಮನೆ ಕಲಬುರಗಿಯಲ್ಲಿ, ಸ್ಟೇಷನ್ ಹತ್ತಿರ.

ಅದನ್ನು ನೋಡಿ ಯಾರೂ ದುಡ್ಡು ಹಾಕಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ ಓದಿ.

ಇಷ್ಟು ದಿನ ಸುಮ್ಮನಿದ್ದೆ. ನಾಚಿಕೆ, ಬೇರೆ ಏನಿಲ್ಲ. ಮೊನ್ನೆ ಬೀದರಿನಿಂದ ಕಾಕಾನ ಮಗಳು ಫೋನ್ ಮಾಡಿದಳು. ಅವಳಿಗೀಗ ಆರು ತಿಂಗಳು. "ಅಣ್ಣಾ, ವೈನಿ ವಿಡಿಯೋ ನೋಡ್ದೆ, ಭಾಳ ಚಂದ ಅದ. ನಾನೂ ಅಡ್ವಾನ್ಸ್ ಹಾಕೀನಿ" ಅಂದಳು. ನನ್ನ ಎದೆ ಧಸಕ್ಕಂತು. ಯಾವ ವಿಡಿಯೋ? ನೋಡಿದರೆ ನಮ್ಮ ಮನೆಯ ಕುಬಸದ (ಸೀಮಂತದ) ವಿಡಿಯೋ ಆ ಗೌನ್ ಮಾರುವವರ ಪೇಜಿನಲ್ಲಿದೆ. ಕೆಳಗೆ 'ಹ್ಯಾಪಿ ಕಸ್ಟಮರ್, ಕಲಬುರಗಿ' ಅಂತ ಬರೆದಿದ್ದಾರೆ. ಖುಷಿಯಲ್ಲಿ ಅವತ್ತೇ ರಾತ್ರಿ ಅದನ್ನು ಅವರಿಗೆ ಕಳಿಸಿದವನೂ ನಾನೇ. ಹಾಕಿಕೊಳ್ಳಿ ಅಂತ ಮಾತ್ರ ಹೇಳಿರಲಿಲ್ಲ.

ಮಾರ್ಚ್‌ನಲ್ಲಿ ರೀಲ್ಸ್ ನೋಡುವಾಗ ಈ ಪೇಜ್ ಕಣ್ಣಿಗೆ ಬಿತ್ತು. 'ಕುಬಸ ಸ್ಪೆಷಲ್ ಗೌನ್, ಬೇಬಿ ಮೂವ್‌ಮೆಂಟ್ ಸೆನ್ಸರ್, ಮಗು ಮೆಲ್ಲಗೆ ಹೊರಳಿದರೆ ಹಸಿರು, ಜೋರಾಗಿ ಒದ್ದರೆ ಕೆಂಪು.' ಬೆಲೆ 6,400. ಅರ್ಧ ಅಡ್ವಾನ್ಸ್, ಅಳತೆ ಕಳಿಸಿದ ಮೇಲೆ ಇನ್ನರ್ಧ. ಕ್ಯಾಶ್ ಆನ್ ಡೆಲಿವರಿ ಇಲ್ಲ, ಯಾಕಂದ್ರೆ "ಕಸ್ಟಮ್ ಪೀಸ್ ಸರ್". ಆ ದುಡ್ಡಿಗೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಚೆಂದದ ಇಳಕಲ್ ಸೀರೆ ಬರುತ್ತಿತ್ತು ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ. ಅನ್ನಲಿ.

ನಾನೇನು ಕಣ್ಣು ಮುಚ್ಚಿಕೊಂಡು ಕೊಂಡವನಲ್ಲ. ಹುಡುಕಿ ಓದಿದೆ. 2008 ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕೋರಿ ಮೆನ್ಷರ್ ಅನ್ನುವವನು ಬಸುರಿ ಹೆಂಡತಿಯ ಹೊಟ್ಟೆಗೆ ಕಟ್ಟುವ ಒಂದು ಪಟ್ಟಿ ಮಾಡಿದ್ದ. ಹೆಸರು ಕಿಕ್‌ಬೀ. ಕೂಸು ಒದ್ದರೆ ಪಟ್ಟಿಯಲ್ಲಿದ್ದ, ಅದುರಿದ್ದನ್ನು ಹಿಡಿಯುವ ಪೀಜೋ ಸೆನ್ಸರ್‌ಗೆ ಗೊತ್ತಾಗಿ ಟ್ವಿಟರ್‌ಗೆ ತಾನೇ ಸಂದೇಶ ಹೋಗುತ್ತಿತ್ತು. ಬಟ್ಟೆಗೇ ಹೊಲಿಯುವಂಥ ಲಿಲಿಪ್ಯಾಡ್ ಸರ್ಕ್ಯೂಟ್ ಬೋರ್ಡ್ 2007 ರಲ್ಲೇ ಮಾರಾಟಕ್ಕೆ ಬಂದಿತ್ತು. ಹಾಗಾದರೆ ಇದು ಆಗದ ಮಾತೇನಲ್ಲ ಅಂದುಕೊಂಡೆ. ಅಲ್ಲಿ ಯಾರೋ ನಿಜವಾಗಿ ಮಾಡಿದ್ದಾರೆ ಅಂದ ಮಾತ್ರಕ್ಕೆ ಇಲ್ಲಿ ಇವರೂ ಮಾಡಿದ್ದಾರೆ ಅಂತ ಯಾಕೆ ನಂಬಿದೆನೋ. ಅರ್ಧ ಓದಿದವನ ಹಣೆಬರಹ.

ಏಪ್ರಿಲ್‌ನಲ್ಲಿ ಏಳನೇ ತಿಂಗಳ ಕುಬಸ. ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ಲ, 42 ಡಿಗ್ರಿ. ಉಡಿ ತುಂಬಿ, ಆರತಿ ಆಗಿ, ಸಂಜೆ ಅವಳು ಸೀರೆ ಬಿಚ್ಚಿ ಆ ನೈಲಾನ್ ಗೌನ್ ಹಾಕಿಕೊಂಡಳು. ಬೆವರು ಕಿತ್ತುಬರುತ್ತಿತ್ತು. ಲೈಟ್ ಆರಿಸಿದೆವು. ಗೌನ್ ಹೊಳೆಯಿತು. ಹೆಂಗಸರೆಲ್ಲ ಹೋ ಅಂದರು. ನಾನು ಕೂಗಿದೆ, ಆ ಕೂಗು ನಿಮಗೆ ಗೊತ್ತೇ ಇದೆ.

ಎಂಬತ್ತು ದಾಟಿದ ದೊಡ್ಡವ್ವ ಒಬ್ಬಳೇ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. "ಕೂಸು ಎಲ್ಲಿ ಒದೀತೋ ಹುಚ್ಚಾ, ಆಕಿ ನಕ್ಕಾಗೆಲ್ಲ ಹತ್ಲಕತ್ತದ" ಅಂದಳು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಮತ್ತೆ ಲೈಟ್ ಹತ್ತಿತು.

ಹೆಂಡತಿಯೂ ಆ ರಾತ್ರಿ ಹೇಳಿದ್ದಳು. "ರೀ, ಕೂಸು ಮಿಸುಕಲಾರ್ದಾಗೂ ಹತ್ತಿತ್ರಿ ಅದು." ನಾನು ಏನಂದೆ ಗೊತ್ತಾ? "ನಿನಗ ಗೊತ್ತಾಗಿರಂಗಿಲ್ಲ, ಸೆನ್ಸರ್‌ಗ ಗೊತ್ತಾಗ್ತದ." ಹೊಟ್ಟೆ ಅವಳದು. ಕೂಸು ಅವಳೊಳಗಿದೆ. ಸೆನ್ಸರ್‌ಗೆ ಗೊತ್ತಾಗುತ್ತೆ ಅಂದೆ.

ಇಲ್ಲಿಗೆ ಮುಗಿದಿದ್ದರೆ 6,400 ಹೋಯ್ತು ಅಂತ ಬಿಡುತ್ತಿದ್ದೆ. ಮುಗಿಯಲಿಲ್ಲ.

ಮೇ ನಡುವೆ ಒಂದು ದಿನ, ಎಂಟನೇ ತಿಂಗಳು. ಮಧ್ಯಾಹ್ನದಿಂದ ಕೂಸು ಕಡಿಮೆ ಆಡುತ್ತಿದೆ ಅಂತ ಹೇಳುತ್ತಲೇ ಇದ್ದಳು. ರಾತ್ರಿ ಊಟ ಆದ ಮೇಲೂ ಅದೇ ಮಾತು. ನಾನು ಎದ್ದು ಗೂಟದಿಂದ ಆ ಗೌನ್ ತಂದೆ. "ಹಾಕ್ಕೋ, ನೋಡೇಬಿಡೂಣು" ಅಂದೆ. ಹಾಕಿಕೊಂಡಳು. ಹತ್ತಿತು. ಎರಡು ಸಲ, ಮೂರು ಸಲ. "ಆಡ್ಲಕತ್ತದಲ್ಲ, ಯಾಕ ಅಂಜ್ತಿ? ಸುಮ್ನ ಮಲ್ಕೋ" ಅಂದೆ. ಗೌನ್ ಬಿಚ್ಚಿ ಗೂಟಕ್ಕೆ ಹಾಕಿ ಮಲಗಿದಳು. ನಾನು ಗೊರಕೆ ಹೊಡೆದೆ. ಅವಳಿಗೆ ನಿದ್ದೆ ಬಂದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಸುಕಿನ ನಾಲ್ಕೂವರೆಗೆ ಭುಜ ಅಲ್ಲಾಡಿಸಿ ಎಬ್ಬಿಸಿದಳು. ವಾಡಿ ಕಡೆ ಹೋಗುವ ಗೂಡ್ಸ್ ಗಾಡಿ ಹಳಿ ಮೇಲಿತ್ತು. ನಮ್ಮ ಮನೆಯಲ್ಲಿ ಗೂಡ್ಸ್ ಬಂದರೆ ಕಿಟಕಿ ಗಾಜು ಝಲ್ ಅನ್ನುತ್ತೆ, ಸ್ಟ್ಯಾಂಡಿನ ತಾಟು ಸದ್ದು ಮಾಡುತ್ತವೆ, ನಮಗೆ ರೂಢಿ. ಅವಳು ಗೋಡೆ ಕಡೆ ಕೈ ತೋರಿಸಿದಳು. ಕತ್ತಲಲ್ಲಿ ಗೂಟಕ್ಕೆ ತೂಗುಹಾಕಿದ ಖಾಲಿ ಗೌನ್. ಹೊಟ್ಟೆಯ ಜಾಗದಲ್ಲಿ ಎಲೆಗಳು ಒಂದೊಂದಾಗಿ ಹತ್ತುತ್ತಿದ್ದವು. ಹಸಿರು, ಹಸಿರು, ಆಮೇಲೆ ಕೆಂಪು.

"ನೋಡ್ರಿ" ಅಂದಳು. "ಗೂಟಕ್ಕ ಒದೀಲಕತ್ತದ ಕೂಸು."

ಗಾಡಿ ದಾಟುವವರೆಗೂ ಹತ್ತುತ್ತಲೇ ಇತ್ತು. ಎಷ್ಟು ಡಬ್ಬಿ ಇದ್ದವೋ ಆ ಗಾಡಿಗೆ. ನಾನು ಹಾಸಿಗೆ ಮೇಲೆ ಹಾಗೇ ಕೂತಿದ್ದೆ. ಅವಳು ಮಧ್ಯಾಹ್ನದಿಂದ ಬಾಯಿಬಿಟ್ಟು ಹೇಳಿದ್ದನ್ನು ಬಿಟ್ಟು ನಾನು ಕೇಳಿದ್ದು ಇದರ ಮಾತನ್ನು.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಹೊಟ್ಟೆಗೆ ಬೆಲ್ಟ್ ಕಟ್ಟಿ ಎನ್‌ಎಸ್‌ಟಿ, ಅಂದರೆ ಕೂಸಿನ ಎದೆಬಡಿತದ ಪರೀಕ್ಷೆ, ಮಾಡಿದರು. ಕಾಗದದ ಮೇಲೆ ಗೆರೆ ಬರುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ. ಬಡಿತ 140ರ ಆಸುಪಾಸು. ಎಲ್ಲಾ ಸರಿ ಇತ್ತು. ಡಾಕ್ಟರಮ್ಮನಿಗೆ ಗೌನ್ ವಿಷಯ ಹೇಳಬಾರದಿತ್ತು, ಹೇಳಿಬಿಟ್ಟೆ. "ಆಕಿ ನಿನ್ನೆ ಮಧ್ಯಾಹ್ನದಿಂದ ಹೇಳ್ಲಕತ್ತಾಳ, ನೀವು ಲೈಟ್ ನೋಡ್ಕೋತ ಕೂತಿರೇನು?" ಅಂದರು. ಕಾರಿಡಾರ್‌ನಲ್ಲಿದ್ದವರಿಗೆಲ್ಲ ಕೇಳಿಸಿತು. ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದರು: 28 ವಾರ ಆದ ಮೇಲೆ ದಿನಾ ಎಡಮಗ್ಗುಲಿಗೆ ಮಲಗಿ ತಾಯಿಯೇ ಎಣಿಸಬೇಕು, ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ರಾತ್ರಿ ಅಂತ ನೋಡಬೇಡಿ, ನೇರ ಬನ್ನಿ. ಹತ್ತು ಆದರೂ ಯಾವತ್ತಿಗಿಂತ ಕಡಿಮೆ ಅನ್ನಿಸಿದರೆ ಆಗಲೂ ಬನ್ನಿ. ಎಣಿಸೋದು ಅವಳು, ನೀವಲ್ಲ, ಗೌನೂ ಅಲ್ಲ.

ಮನೆಗೆ ಬಂದು ಅಕ್ಕನ ಮಗನನ್ನು ಕರೆಸಿದೆ. ಎಂಜಿನಿಯರಿಂಗ್ ಓದುತ್ತಾನೆ. ಗೌನಿನ ಒಳಪದರ ಬ್ಲೇಡಿನಿಂದ ಕೊಯ್ದ. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಅದರಲ್ಲಿ 2032 ನಂಬರಿನ ಎರಡು ಗುಂಡಿ ಸೆಲ್, ಮುಚ್ಚಳಕ್ಕೆ ಒಂದು ಸ್ಕ್ರೂ ಕೂಡ ಇಲ್ಲ. (ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹುಷಾರು. ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.) ಇನ್ನೊಂದು ಕಡೆ ಉಗುರಿಗಿಂತ ಸಣ್ಣ ಕೊಳವೆ. ಒಳಗೆ ಕೂದಲಿನಂಥ ಸ್ಪ್ರಿಂಗ್, ಅದರ ನಡುವೆ ಒಂದು ತಂತಿ. ಅಲುಗಿದರೆ ಸ್ಪ್ರಿಂಗ್ ತಂತಿಗೆ ತಾಗುತ್ತೆ, ಲೈಟ್ ಹತ್ತುತ್ತೆ. ಅಷ್ಟೇ. ಹಸಿರು ಕೆಂಪು ಅನ್ನೋದೂ ಸುಳ್ಳು, ಪ್ರತಿ ಮೂರನೇ ಸಲ ಕೆಂಪು ಬರುತ್ತೆ.

ಹುಡುಗ ಎದ್ದು ಹೋಗಿ ತಮ್ಮನ ಹಳೇ ಲೈಟ್ ಬೂಟು ತಂದ. ಹೆಜ್ಜೆ ಇಟ್ಟರೆ ಮಿಂಚುತ್ತದಲ್ಲ, ಅಂಥದ್ದು. ಹಿಮ್ಮಡಿ ಕೊಯ್ದು ಒಳಗಿನದನ್ನು ತೆಗೆದು ಗೌನಿನದರ ಪಕ್ಕ ಇಟ್ಟ. ಅದೇ ಸ್ಪ್ರಿಂಗ್. "ಮಾವ, ನಿಜಕ್ಕೂ ಮಾಡೋದಾದ್ರ ಹೊಟ್ಟಿ ಮ್ಯಾಲ ನಾಕೈದು ಸೆನ್ಸರ್ ಬೇಕು, ಎದಿಗೋ ಬೆನ್ನಿಗೋ ಇನ್ನೊಂದು ಬೇಕು. ಅಮ್ಮ ಕೆಮ್ಮಿದ್ದು, ನಡೆದದ್ದು ಕಳೀಬೇಕಲ್ಲ. ಇದು ಬೂಟು" ಅಂದ.

ಇನ್ನು ಆ ಪೇಜಿನವರ ಉತ್ತರ ಕೇಳಿ. ಗೂಟದ ಕಥೆ ಪೂರ್ತಿ ಬರೆದು ಕಳಿಸಿದೆ. ಬಂದ ಉತ್ತರ: "ಸರ್ ನಮ್ ಪ್ರಾಡಕ್ಟ್ ತುಂಬಾ ಸೆನ್ಸಿಟಿವ್, ಅದಕ್ಕೇ ಸರ್."

ಒಳಗೆ ಯಾರೂ ಇಲ್ಲವಲ್ಲಪ್ಪ, ಖಾಲಿ ಗೌನ್ ಅಂದೆ.

"ಮೂವ್‌ಮೆಂಟ್ ಇದ್ರೆ ಲೈಟ್ ಬರುತ್ತೆ ಸರ್. ನಾವು ಮೂವ್‌ಮೆಂಟ್ ಅಂತ ಹಾಕಿದೀವಿ. ಯಾರ ಮೂವ್‌ಮೆಂಟ್ ಅಂತ ಹಾಕಿಲ್ಲ."

ಹೋಗಿ ನೋಡಿದರೆ ನಿಜ! 'ಬೇಬಿ' ಅನ್ನುವ ಪದ ಅಳಿಸಿಬಿಟ್ಟಿದ್ದಾರೆ. ನನ್ನ ಹತ್ತಿರ ಮಾರ್ಚ್‌ನ ಸ್ಕ್ರೀನ್‌ಶಾಟ್ ಇತ್ತು, ಕಳಿಸಿದೆ. ಆಮೇಲೆ ಶುರುವಾಯ್ತು ನೋಡಿ. ಪಾರ್ಸಲ್ ಒಡೆದಾಗಿನ ವಿಡಿಯೋ ಇದೆಯಾ? ಇಲ್ಲ. ಹಾಗಾದರೆ ರಿಟರ್ನ್ ಇಲ್ಲ. ಹಾಕಿಕೊಂಡ ಬಟ್ಟೆ, ಹೈಜೀನ್ ಸರ್, ರಿಟರ್ನ್ ಇಲ್ಲ. ಬಿಚ್ಚಿ ನೋಡಿದ್ದೀರಿ, ವಾರಂಟಿ ಹೋಯ್ತು. ಯಾವ ವಾರಂಟಿ? ಇಷ್ಟು ದಿನ ಅದರ ಸುದ್ದಿಯೇ ಇರಲಿಲ್ಲ.

ಸಿಟ್ಟಲ್ಲಿ ಆಸ್ಪತ್ರೆಗೆ ಹೋದದ್ದನ್ನೂ ಬರೆದೆ. ಐದು ನಿಮಿಷ ಟೈಪಿಂಗ್ ಅಂತ ತೋರಿಸಿತು. ಬಂದದ್ದು ಇಷ್ಟು: "ಮಗು ಆರೋಗ್ಯವಾಗಿದೆ ಅಲ್ವಾ ಸರ್? ಮತ್ತೇನ್ ಪ್ರಾಬ್ಲಮ್?" ಜೊತೆಗೆ ನಗುವ ಮುಖ, ಕೈ ಮುಗಿದ ಚಿತ್ರ.

ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮತ್ತೇನ್ ಪ್ರಾಬ್ಲಮ್ ಅಂತೆ.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟೆ. 2020 ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರುವವರು ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿ ಎಲ್ಲಾ ಹಾಕಬೇಕು, ದೂರು ಬಂದ 48 ಗಂಟೆಯಲ್ಲಿ ತಲುಪಿತು ಅಂತ ಹೇಳಬೇಕು. ಇವರ ಪೇಜಿನಲ್ಲಿ ಒಂದು ವಾಟ್ಸಾಪ್ ನಂಬರ್ ಬಿಟ್ಟರೆ ಏನೂ ಇಲ್ಲ. ಪಾರ್ಸಲ್ ಮೇಲಿನ ವಿಳಾಸ ಕೊರಿಯರ್ ಗೋದಾಮಿನದು. ನಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೇಸ್ ಹಾಕಬಹುದು, ಐದು ಲಕ್ಷದವರೆಗೆ ಫೀ ಕೂಡ ಇಲ್ಲ. ಆದರೆ ನೋಟಿಸ್ ಯಾವ ಮನೆ ಬಾಗಿಲಿಗೆ ಕಳಿಸಲಿ? ಅದಕ್ಕೇ ಹೇಳುವುದು, ಪೇಜಿನಲ್ಲಿ ವಿಳಾಸ ಇಲ್ಲದಿದ್ದರೆ ಅಡ್ವಾನ್ಸ್ ಹಾಕಬೇಡಿ. ಚೆಂದಕ್ಕೆ ಲೈಟ್ ಗೌನ್ ಬೇಕಾ, ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಕೂಸಿನ ಸುದ್ದಿ ಹೇಳುತ್ತೆ ಅಂದರೆ ಮಾತ್ರ ಕೊಳ್ಳಬೇಡಿ.

ಮಗಳು ಜುಲೈಯಲ್ಲಿ ಹುಟ್ಟಿದಳು, ಚೆನ್ನಾಗಿದ್ದಾಳೆ. ಬೀದರಿನ ತಂಗಿಯ 3,200 ಹೋದಂಗೇ. ನಾನು ಕೊಡುತ್ತೇನೆ ಅಂದರೆ ಬೇಡ ಅಂದಳು. ವಿಡಿಯೋ ತೆಗೀರಿ ಅಂತ ಮೂರು ಸಲ ಕೇಳಿದೆ. ಮೊದಲ ಸಲ "ಮುಂದಿನ ಆರ್ಡರ್‌ಗೆ 20% ಡಿಸ್ಕೌಂಟ್ ಕೊಡ್ತೀವಿ ಸರ್" ಅಂದರು. ಎರಡನೇ ಸಲ ಉತ್ತರವಿಲ್ಲ. ಮೂರನೇ ಸಲ ಬ್ಲಾಕ್.

ಹಾಗಾಗಿ ಆ ವಿಡಿಯೋ ಕಂಡರೆ ದಯವಿಟ್ಟು ರಿಪೋರ್ಟ್ ಮಾಡಿ. ಗುರುತು ಬೇಕಂದ್ರೆ, ನಾನು ಕೂಗಿದ ಮೇಲೆ ಎಡಗಡೆ ಮೂಲೆಯಲ್ಲಿ ಬಿಳಿ ಸೆರಗಿನ ಮುದುಕಿ ಕೈ ಎತ್ತಿ ಏನೋ ಹೇಳುವುದು ಕಾಣುತ್ತೆ. ಅದೇ ನಮ್ಮ ದೊಡ್ಡವ್ವ. ನನ್ನ ಫೋನಿನಲ್ಲಿರುವ ವಿಡಿಯೋದಲ್ಲಿ ಅವಳ ಮಾತು ಸ್ಪಷ್ಟವಾಗಿದೆ. ಅವರು ಹಾಕಿರುವುದರಲ್ಲಿ ಅಷ್ಟು ಜಾಗಕ್ಕೆ ಮಾತ್ರ ಮ್ಯೂಸಿಕ್ ಜೋರು ಮಾಡಿದ್ದಾರೆ.