ಹಳೇ ಮಾರುತಿ 800 ತಳದ ತುಕ್ಕಿಗೆ ರಬ್ಬರ್ ಕೋಟಿಂಗಾ, ಇಂಜಿನ್‌ನ ವೇಸ್ಟ್ ಆಯಿಲ್ಲಾ, ಇಲ್ಲಾ ಕೆರೆದು ಪ್ರೈಮರ್ ಹೊಡೆಯೋದಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕೆರೆದು, ತುಕ್ಕನ್ನೇ ಗಟ್ಟಿ ಪದರ ಮಾಡೋ ಕನ್ವರ್ಟರ್ ಹಚ್ಚಿ, ಪೇಂಟ್‌ಗೆ ಮುಂಚಿನ ಎಪಾಕ್ಸಿ ಪ್ರೈಮರ್ ಹೊಡೆದು, ಬಾಗಿಲ ಕೆಳಗಿನ ಟೊಳ್ಳು ಬಾಕ್ಸ್ ಒಳಗಡೆಗೆ ವ್ಯಾಕ್ಸ್ ಬಿಡೋದಕ್ಕೆ. ಎರಡು ಭಾನುವಾರ ಹೋಗುತ್ತೆ, ಕುತ್ತಿಗೆ ಹಿಡ್ಕೊಳ್ಳುತ್ತೆ, ಆದ್ರೂ ಅದೇ. ಮೂರೂ ದಾರಿ ಇದೇ ಗಾಡಿ ಮೇಲೆ ನೋಡಿದ ಮೇಲೆ ಹೇಳ್ತಿರೋ ಮಾತು.

ಗಾಡಿ 2005ರ ಮಾರುತಿ 800, ಅಪ್ಪ ತಗೊಂಡಿದ್ದು, ಮಾರೋ ಮನಸ್ಸಿಲ್ಲ. ಇರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ, ಗಾಡಿ ನಿಲ್ಲೋದು ಮನೆ ಮುಂದಿನ ಹೊಂಗೆ ಮರದ ಕೆಳಗೆ, ವಾರಕ್ಕೊಂದು ಸಲ ಕುಣಿಗಲ್ ಕಡೆ ತೋಟಕ್ಕೆ ಹೋಗುತ್ತೆ, ವರ್ಷಕ್ಕೊಂದು ಸಲ ಗೋಕರ್ಣಕ್ಕೆ. ತುಮಕೂರು ಒಣ ಊರು, ಇಲ್ಲೆಲ್ಲಿ ತುಕ್ಕು ಹಿಡಿಯುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ತೋಟದ ಹಾದಿ ಕೆಸರು ಚಕ್ರದ ಮೇಲಿನ ತಗಡಿನ ಮಡಿಕೆ ಒಳಗೆ ಕೂತ್ಕೊಂಡ್ರೆ ಹೊರಗೆ ಬಿಸಿಲು ಕಾಯ್ತಿದ್ರೂ ಒಳಗೆ ವಾರಗಟ್ಟಲೆ ಒದ್ದೆಯಾಗೇ ಇರುತ್ತೆ, ಅದ್ರ ಮೇಲೆ ಸಮುದ್ರದ ಉಪ್ಪು ಬೇರೆ ಸೇರಿದ್ರೆ ಕೇಳೋದೇ ಬೇಡ, ಉಪ್ಪು ಗಾಳಿಲಿರೋ ತೇವ ಎಳ್ಕೊಂಡು ಕಬ್ಬಿಣ ಆರೋಕೇ ಬಿಡಲ್ಲ.

ಮೂರು ವರ್ಷದ ಹಿಂದೆ ಮಳೆಗಾಲಕ್ಕೆ ಮುಂಚೆ ಹೈವೇ ಪಕ್ಕದ ಒಂದು ಅಂಗಡಿಲಿ ರಬ್ಬರ್ ಅಂಡರ್ ಬಾಡಿ ಕೋಟಿಂಗ್ ಮಾಡಿಸ್ದೆ. 3,500 ರೂಪಾಯಿ. ಬೆಳಿಗ್ಗೆ ವಾಟರ್ ಸರ್ವಿಸ್ ಮಾಡಿ ಸಂಜೆಗೆ ಕರ್ರಗೆ ಹೊಡೆದು ಕೊಟ್ರು, ಬಗ್ಗಿ ನೋಡಿದ್ರೆ ಹೊಸ ಗಾಡಿ ಥರ ಕಾಣ್ತು, ಅಪ್ಪಂಗೂ ಖುಷಿ. ಮುಂದಿನ ವರ್ಷದ ಮಳೆಲಿ ಶುರುವಾಯ್ತು ನೋಡಿ. ಬಟವಾಡಿ ಹತ್ರ ಬ್ರೇಕ್ ಹಾಕಿದ್ರೆ ಎಡಗಡೆ ಬಾಗಿಲ ಕೆಳಗೆ ಅರ್ಧ ತುಂಬಿದ ಬಿಂದಿಗೆ ಅಲ್ಲಾಡಿಸಿದಂಗೆ ಗುಳುಗುಳು ಸದ್ದು. ಮೊದಲು ಪೆಟ್ರೋಲ್ ಟ್ಯಾಂಕ್ ಇರ್ಬೇಕು ಅಂದ್ಕೊಂಡೆ, ಆಮೇಲೆ ಸೀಟ್ ಕೆಳಗೆ ಯಾವ್ದೋ ಬಾಟಲಿ ಉರುಳ್ತಿದೆ ಅಂತ ಹುಡುಕಿದೆ, ಹದಿನೈದು ದಿನ ಹಂಗೇ ಓಡಿಸ್ದೆ. ಕೊನೆಗೆ ಮ್ಯಾಟ್ ಎತ್ತಿದ್ರೆ ಮುಗ್ಗಲು ವಾಸನೆ.

ಅಂತರಸನಹಳ್ಳಿ ಕಡೆ ಗಾಡಿ ತಗಡು ಕೆಲಸ ಮಾಡೋ ನಮ್ಮ ಟಿಂಕರ್ ಒಬ್ರು ಇದಾರೆ, ಅವ್ರು ಪಿಟ್ ಒಳಗೆ ಇಳಿದು ಟಾರ್ಚ್ ಬಿಟ್ಟು ಬಾಗಿಲ ಕೆಳಗಿನ ಬಾಕ್ಸ್ ಉದ್ದಕ್ಕೂ ಬೆರಳಾಡಿಸಿದ್ರು. ಒಂದು ಕಡೆ ನಿಲ್ಸಿ ತೆಳು ಸ್ಕ್ರೂಡ್ರೈವರ್ ಚುಚ್ಚಿದ್ರು ಅಷ್ಟೇ, ಕಾಫಿ ಗಸಟಿನ ಬಣ್ಣದ ನೀರು ಅವ್ರ ಮೊಣಕೈವರೆಗೂ ಸುರೀತು. ಒಂದು ಚೊಂಬಿಗಿಂತ ಜಾಸ್ತಿನೇ ಇತ್ತು. "ಸಾರ್, ಇದು ಕೆಳಗಿಂದ ತಿಂದಿಲ್ಲ, ಒಳಗಿಂದ ತಿಂದೈತೆ" ಅಂದ್ರು. ವಿಷಯ ಏನಪ್ಪಾ ಅಂದ್ರೆ ಆ ಬಾಕ್ಸ್ ಒಳಗೆ ಟೊಳ್ಳು, ಬಾಗಿಲ ರಬ್ಬರ್ ಸಂದಿಯಿಂದ ಮಳೆ ನೀರು ಚೂರು ಪಾರು ಇಳಿದೇ ಇಳಿಯುತ್ತೆ, ಅದು ಹೊರಗೆ ಹೋಗ್ಲಿ ಅಂತಾನೇ ಕಂಪನಿಯವ್ರು ತಳದಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರ್ತಾರೆ. ಅಂಗಡಿಯವ್ರು ಆ ತೂತಿಗೆ ಟೇಪ್ ಹಚ್ಚದೇ ಎಲ್ಲದ್ರ ಮೇಲೂ ಹೊಡೆದಿದ್ರು. ನೀರಿಗೆ ಬರೋ ದಾರಿ ಇತ್ತು, ಹೋಗೋ ದಾರಿ ಮುಚ್ಚಿದ್ರು. ಮಾಡಿಸೋವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಒಂದು ಮಾತು ಕೇಳಿದ್ರೆ ಆಗ್ತಿತ್ತು, ಆ ತೂತು ಇರುತ್ತೆ ಅಂತಾನೇ ಆಗ ಗೊತ್ತಿರ್ಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಹಿಂದಿನ ಚಕ್ರದ ಹತ್ರ ಕೋಟಿಂಗ್ ಅಂಚು ಹಿಡಿದು ಎಳೆದ್ರೆ ತವಾ ಮೇಲಿಂದ ದೋಸೆ ಎದ್ದಂಗೆ ಇಡಿಯಾಗಿ ಎದ್ದು ಬಂತು, ಅಡಿಲಿ ಕೆಂಪು ಪುಡಿ. ಹಳೇ ತುಕ್ಕಿನ ಮೇಲೇ ಒದ್ದೆ ಆರೋಕೆ ಮುಂಚೆ ಹೊಡೆದಿದ್ದು, ಮೇಲೆ ತಳುಕು ಒಳಗೆ ಹುಳುಕು. ಪ್ಯಾಚ್ ವೆಲ್ಡಿಂಗ್‌ಗೆ 6,000 ಆಯ್ತು. ಹೊಸ ಗಾಡಿಗೆ, ಒಣಗಿರೋ ಕ್ಲೀನ್ ತಗಡಿಗೆ, ತೂತು ಬಿಟ್ಟು ಹೊಡೆದ್ರೆ ರಬ್ಬರ್ ಒಳ್ಳೇದೇ, ಜಲ್ಲಿ ಏಟು ಚೆನ್ನಾಗಿ ತಡ್ಕೊಳ್ಳುತ್ತೆ. ಇಪ್ಪತ್ತು ವರ್ಷದ ಗಾಡಿಗೆ ಬೇಡ.

ವೇಸ್ಟ್ ಆಯಿಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚಿಕ್ಕಪ್ಪ ಲಾರಿ ಓಡಿಸ್ತಿದ್ದೋರು, ಅವ್ರ ಮಾತು ಕೇಳಿ ಒಂದು ಸಲ ಬಳಿದಿದ್ದೆ. ದುಡ್ಡಿಲ್ಲ ಖರ್ಚಿಲ್ಲ ನಿಜ, ಆದ್ರೆ ಧೂಳೆಲ್ಲ ಅಂಟ್ಕೊಂಡು ಕಿಟ್ಟ ಕಟ್ತು, ಎರಡು ವಾಟರ್ ಸರ್ವಿಸ್‌ಗೆ ತೊಳ್ಕೊಂಡು ಹೋಯ್ತು, ಮನೆ ಮುಂದೆ ಮಣ್ಣಿಗೆಲ್ಲ ಎಣ್ಣೆ. ಚಕ್ರದ ಜೋಡಣೆಲಿರೋ ರಬ್ಬರ್ ಬುಷ್‌ಗೆ ತಗುಲಿದ್ರೆ ಅದು ಉಬ್ಬಿ ಹಾಳಾಗುತ್ತೆ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದ್ರೆ ಸಾಕಲ್ವಾ ಅಂತ ಕೇಳೋರಿಗೆ, ಅದು ನೀರು ಓಡಿಸೋಕೆ, ಬೋಲ್ಟ್ ಬಿಡಿಸೋಕೆ, ವರ್ಷಗಟ್ಟಲೆ ಕಾಯೋಕಲ್ಲ.

ಈಗ ನಾನು ಮಾಡಿದ್ದು. ವೆಲ್ಡಿಂಗ್ ಎಲ್ಲ ಮೊದಲೇ ಮುಗಿಸ್ಕೊಳ್ಳಿ, ವ್ಯಾಕ್ಸ್ ಬಿಟ್ಟ ಮೇಲೆ ಬೆಂಕಿ ತಾಗಿಸಬಾರ್ದು. ಟಿಂಕರ್ ಪಿಟ್‌ನಲ್ಲೇ ಭಾನುವಾರ ಜಾಗ ಕೊಟ್ರು, ಬರೀ ಜಾಕಿ ಮೇಲೆ ನಿಲ್ಸಿ ಕೆಳಗೆ ಮಲಗೋ ಕೆಲಸ ಯಾರೂ ಮಾಡ್ಬೇಡಿ. ತಂತಿ ಬ್ರಷ್ ಹಿಡಿದು ಹಕ್ಕಳೆ ಏಳೋದನ್ನೆಲ್ಲ ಏಳಿಸಿ, ಆಮೇಲೆ 80 ನಂಬರ್ ಎಮೆರಿ ಪೇಪರ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಉಳಿದ ತೆಳು ಕೆಂಪಿನ ಮೇಲೆ ಟ್ಯಾನಿಕ್ ಆಸಿಡ್ ಇರೋ ಕನ್ವರ್ಟರ್ ಬ್ರಷ್‌ನಲ್ಲಿ ಹಚ್ಚಿದೆ, ನೋಡ್ತಾ ನೋಡ್ತಾ ಕೆಂಪು ಹೋಗಿ ನೇರಳೆ ಹಣ್ಣಿನ ಕಪ್ಪು ಬಂತು, ತುಕ್ಕು ಅದ್ರ ಜೊತೆ ಸೇರಿ ಬೇರೇನೇ ಗಟ್ಟಿ ಪದರ ಆಗುತ್ತೆ. ದಪ್ಪ ತುಕ್ಕಿನ ಮೇಲೆ ಹಚ್ಚಿದ್ರೆ ಮೇಲ್ಮೇಲೆ ಮಾತ್ರ ಕಪ್ಪಾಗುತ್ತೆ, ಅದಕ್ಕೇ ಕೆರೆಯೋದ್ರಲ್ಲಿ ಸೋಮಾರಿತನ ಮಾಡ್ಬೇಡಿ. ಒಂದು ದಿನ ಪೂರ್ತಿ ಆರಿದ ಮೇಲೆ ಎಪಾಕ್ಸಿ, ಅದ್ರ ಮೇಲೆ ಕಪ್ಪು ಪೇಂಟ್. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಆದ್ರೆ ಮೇಲೆ ಪೇಂಟ್ ಇಲ್ದೇ ಬಿಟ್ರೆ ತೇವ ಒಳಗೆ ಬಿಟ್ಕೊಳ್ಳುತ್ತೆ.

ಬಾಕ್ಸ್ ಒಳಗೆ ಬ್ರಷ್ ಹೋಗಲ್ವಲ್ಲ, ಅಲ್ಲಿಗೆ ಉದ್ದ ಪೈಪ್ ಇರೋ ವ್ಯಾಕ್ಸ್ ಸ್ಪ್ರೇ. ಲ್ಯಾನೋಲಿನ್ ಇರೋದೂ ಸಿಗುತ್ತೆ, ಅದು ಕುರಿ ಉಣ್ಣೆಯ ಜಿಡ್ಡು. ಶಿರಾ ಪಾವಗಡ ಕಡೆ ಕುರಿ ಕಾಯೋರು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ನಿಲ್ತಾರಲ್ಲ, ಆ ಉಣ್ಣೆ ನೀರು ಜಾರಿಸೋದ್ರಲ್ಲಿ ಈ ಜಿಡ್ಡಿನದೂ ಪಾಲಿದೆ ಅಂತ ತಿಳಿದಾಗ ನಂಗೆ ಭಾಳ ಸಂತೋಷ ಆಯ್ತು. ಸೈಲೆನ್ಸರ್, ಬ್ರೇಕ್ ಹತ್ರ ಮಾತ್ರ ಯಾವ್ದೂ ಬೀಳಬಾರ್ದು.

ವೆಲ್ಡಿಂಗ್ ಬಿಟ್ಟು ಎಲ್ಲ ಸೇರಿ 2,800 ಖರ್ಚು, ರಬ್ಬರ್‌ಗಿಂತ ಕಮ್ಮಿ. ಭಾನುವಾರ ಬಿಡುವಿಲ್ದೋರು ಇದನ್ನೇ ಒಳ್ಳೆ ಟಿಂಕರ್ ಕೈಲಿ ಮಾಡಿಸಿ, ಕೂಲಿ ಮೇಲೆ ಬೀಳುತ್ತೆ ಆದ್ರೂ ಪ್ಯಾಚ್ ವೆಲ್ಡಿಂಗ್ ಖರ್ಚು ತಪ್ಪುತ್ತೆ. ಎರಡು ಮಳೆಗಾಲ ಕಳೀತು, ಬೆಸುಗೆ ಹಾಕಿದ ಜಾಗ ಹಂಗೇ ಇದೆ, ಬಲಗಡೆ ಹಿಂದಿನ ಚಕ್ರದ ಅಂಚಲ್ಲಿ ಒಂದು ಚುಕ್ಕೆ ಕಾಣ್ತಿದೆ, ಅದನ್ನ ಈ ಯುಗಾದಿ ರಜೆಲಿ ಕೆರೀಬೇಕು. ಡ್ಯಾಶ್‌ಬೋರ್ಡ್ ಡಬ್ಬಿಲಿ ಒಂದು ತುಂಡು ಸೈಕಲ್ ಸ್ಪೋಕ್ ಇಟ್ಕೊಂಡಿದೀನಿ, ತೋಟದಿಂದ ಬಂದ ದಿನ ಬಾಗಿಲ ಕೆಳಗೆ ನೀರಿಳಿಯೋ ಆ ತೂತುಗಳಿಗೆ ಒಂದೊಂದು ಸಲ ಆಡಿಸಿ, ಮಣ್ಣು ಉದುರಿದ್ಮೇಲೇ ಒಳಗೆ ಹೋಗೋದು.